ತಂತಿ ಕೀಳಲು ನಮೂನೆ ಹದಿನಾಲ್ಕು

ದೀಪದಣ್ಣನ ಕೆಲಸ ಖಾಯಂ ಆಗುವುದಕ್ಕೆ ಮೂರು ದಿನ ಮೊದಲೇ ಅವನ ಮನೆ ಬಾಗಿಲಿಗೆ ಫಲಕ ಬಂತು. ಆಗಬಾರದ್ದೆಲ್ಲ ಆದದ್ದು ಆ ಫಲಕದಿಂದಲೇ ಎಂದು ಅವನ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ. ಕಳ್ಳರು ಎಲ್ಲೋ ದೂರದಲ್ಲಿ ಕೂತವರು, ಅವರಿಗೆ ನಮ್ಮ ಮನೆ ಫಲಕ ಹೇಗೆ ಕಾಣಬೇಕು ಎಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮರದ ಹಲಗೆ, ನೀಲಿ ಬಣ್ಣ, ಬಿಳಿ ಅಕ್ಷರ. ಮೇಲಿನ ಸಾಲಿನಲ್ಲಿ ಅವನ ಹೆಸರು, ಕೆಳಗಿನ ಸಾಲಿನಲ್ಲಿ ‘ಖಾಯಂ ನೌಕರರು, ನೀರು ನಕ್ಷೆ ಕಚೇರಿ’. ಹೆಸರು ಕಿರುಬೆರಳಿನಷ್ಟು, ‘ಖಾಯಂ’ ಅಂಗೈಯಷ್ಟು. ಬರೆಸಿ ತಂದವನು ಹೆಂಡತಿಯ ತಮ್ಮ. ಅವನು ಮೊಬೈಲ್ ಅಂಗಡಿಯೊಂದರಲ್ಲಿ ಒಡೆದ ಗಾಜು ಬದಲಾಯಿಸುತ್ತಿದ್ದ. ಹಾಗಾಗಿ ಪ್ರಪಂಚದಲ್ಲಿ ಕರೆಂಟಿನಿಂದ ನಡೆಯುವ ಯಾವ ವಸ್ತುವಿನ ಬಗ್ಗೆಯೂ ಅವನಿಗೆ ಅನುಮಾನವೆಂಬುದೇ ಇರಲಿಲ್ಲ.

“ಸಹಿ ಇನ್ನೂ ಆಗಿಲ್ಲ ಕಣೋ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಆಗೋದು,” ಎಂದ ದೀಪದಣ್ಣ.

“ಭಾವ, ಹತ್ತೊಂಬತ್ತು ವರ್ಷ ಕಾದಿದ್ದೀರಿ. ಮೂರು ದಿನಕ್ಕೆ ಫಲಕ ಹಳಸೋಗುತ್ತಾ?” ಎಂದು ಭಾವಮೈದ ಮೊಳೆ ಹೊಡೆದೇಬಿಟ್ಟ.

ಸದ್ದಿಗೆ ಮೇಲಿನ ಮನೆಯ ಮಹಡಿಯಮ್ಮ ಅರ್ಧ ಮೆಟ್ಟಿಲು ಇಳಿದು ಬಂದು, ಕನ್ನಡಕ ಏರಿಸಿ, ಫಲಕವನ್ನು ಎರಡು ಸಲ ಓದಿದರು.

“ಖಾಯಂ! ಒಳ್ಳೇದಾಯ್ತಪ್ಪ. ಹಾಗಾದ್ರೆ ಇಷ್ಟು ವರ್ಷ ದಿನಾ ಡಬ್ಬಿ ಕಟ್ಕೊಂಡು ಹೋಗ್ತಿದ್ರಲ್ಲ, ಅದು ಯಾವ ಲೆಕ್ಕ?”

“ಹಂಗಾಮಿ ಲೆಕ್ಕ, ಅಮ್ಮ,” ಎಂದ ದೀಪದಣ್ಣ.

ಕಚೇರಿಯ ಕೆಲಸ ಇಷ್ಟು: ಊರಿನ ನೆಲದಡಿ ಓಡುವ ನೀರಿನ ಕೊಳವೆ ಯಾವ ಬೀದಿಯಲ್ಲಿ, ಎಷ್ಟು ಆಳದಲ್ಲಿ, ಎಲ್ಲಿ ತಿರುವು, ಎಲ್ಲಿ ಗೇಟು ಎಂಬ ನಕ್ಷೆಗಳನ್ನು ಕಾಯುವುದು. ಮೊದಲು ಅವು ಬಟ್ಟೆಯ ಮೇಲಿದ್ದವು. ದೀಪದಣ್ಣ ಅವುಗಳ ಧೂಳು ಹೊಡೆಯುತ್ತಿದ್ದ. ಆಮೇಲೆ ‘ಕಾಗದವಿಲ್ಲದ ಕಚೇರಿ’ ಎಂದು ಗೋಡೆಗೆ ದೊಡ್ಡ ಕಾಗದ ಅಂಟಿಸಿ, ನಕ್ಷೆ, ಪತ್ರ, ನೌಕರರ ಕಡತ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿದರು. ಅದರ ಹೆಸರು ಸರ್ವರ್. ಎಲ್ಲರ ಮೇಜಿನ ಕಂಪ್ಯೂಟರಿನಿಂದಲೂ ಒಂದೊಂದು ತಂತಿ ಹೊರಟು, ಕೊನೆಗೆ ಒಂದು ಹಳದಿ ತಂತಿಯಾಗಿ ಆ ಪೆಟ್ಟಿಗೆಯ ಬೆನ್ನಿಗೆ ಸೇರುತ್ತಿತ್ತು. ಪೆಟ್ಟಿಗೆಗೆ ಒಂದು ತಣ್ಣನೆಯ ಕೋಣೆ. ಆ ಕೋಣೆಗೆ ಒಂದು ಕುರ್ಚಿ. ಕುರ್ಚಿಗೆ ದೀಪದಣ್ಣ.

ಗಂಟೆಗೊಮ್ಮೆ ಕೋಣೆಯ ಶಾಖ ಬರೆದಿಡುವುದು ಅವನ ಕರ್ತವ್ಯ. ಆದರೆ ಒಬ್ಬ ಮನುಷ್ಯ ಎಷ್ಟು ಹೊತ್ತು ಶಾಖವನ್ನು ನೋಡಿಕೊಂಡು ಕೂತಾನು? ಪೆಟ್ಟಿಗೆಯ ಹಣೆಯ ಮೇಲೆ ಸಾಸಿವೆಯಷ್ಟು ಹಸಿರು ದೀಪವಿತ್ತು. ಯಾರಾದರೂ ಕಡತ ತೆಗೆದರೆ ಅದು ಮಿಣಕ್ ಎನ್ನುತ್ತಿತ್ತು. ದೀಪದಣ್ಣ ಹನ್ನೊಂದು ವರ್ಷ ಅದನ್ನೇ ನೋಡಿದ. ಬೆಳಿಗ್ಗೆ ಹತ್ತಕ್ಕೆ ಅದು ಆಕಳಿಸಿದಂತೆ ಮಿನುಗುವುದು, ಹನ್ನೊಂದೂವರೆಗೆ ಚುರುಕಾಗುವುದು, ತಿಂಗಳ ಕೊನೆಯಲ್ಲಿ ಗಾಬರಿಯಾಗುವುದು, ಎಲ್ಲ ಅವನಿಗೆ ಬಾಯಿಪಾಠ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಇಡೀ ಕಚೇರಿ ಊಟಕ್ಕೆ ಎದ್ದಾಗ ದೀಪವೂ ಮಲಗುತ್ತಿತ್ತು. ದೀಪದಣ್ಣ ಮಾತ್ರ ಹೋಗುತ್ತಿರಲಿಲ್ಲ. ಅಲ್ಲೇ ಡಬ್ಬಿ ಬಿಚ್ಚಿ, ನಿದ್ದೆ ಹೋದ ದೀಪವನ್ನು ನೋಡುತ್ತಾ ತಿನ್ನುತ್ತಿದ್ದ.

ಅದನ್ನು ಒಮ್ಮೆ ಗಮನಿಸಿದವರು ಎಂಜಿನಿಯರಮ್ಮ. ಪೆಟ್ಟಿಗೆ ಕೂರಿಸಿದವರು ಅವರೇ. ಗುತ್ತಿಗೆಯ ಮೇಲೆ ಬಂದಿದ್ದ ನಡುವಯಸ್ಸಿನ ಹೆಂಗಸು, ಮಾತು ಚುಟುಕು.

“ಅಣ್ಣ, ಇಲಿ ಹಿಡಿಯೋಕೆ ಬೋನಲ್ಲಿ ತುತ್ತು ಇಡ್ತೀವಲ್ಲ, ಹಾಗೆ ಒಂದು ಕಡತ ಇಟ್ಟಿದ್ದೀನಿ,” ಎಂದು ಅವರು, ಪೆಟ್ಟಿಗೆಗೇ ನೇರವಾಗಿ ಜೋಡಿಸಿ ಕಡತಗಳ ಪಟ್ಟಿ ನೋಡಲಷ್ಟೇ ಇಟ್ಟಿದ್ದ ಮೂಲೆಯ ಹಳೆ ಕಂಪ್ಯೂಟರಿನಲ್ಲಿ ತೋರಿಸಿದ್ದರು. ಕಡತದ ಹೆಸರು ‘ಅಅ ಮುಟ್ಟಬೇಡಿ’. “ಅಕ್ಷರದ ಸಾಲಲ್ಲಿ ಎಲ್ಲಕ್ಕಿಂತ ಮುಂದೆ ಇದು. ಒಳಗೆ ಏನೂ ಇಲ್ಲ, ಯಾರಿಗೂ ಬೇಡ. ಇದನ್ನ ಯಾರಾದ್ರೂ ಮುಟ್ಟಿದ್ರೆ, ಹೆಸರಿಗೊಂದು ಬಾಲ ಬಂದ್ರೆ, ಮುಟ್ಟಿದವರು ನಮ್ಮೋರಲ್ಲ. ಕಡತಕ್ಕೆಲ್ಲ ಬೀಗ ಜಡಿದು, ಕೀಲಿಗೆ ದುಡ್ಡು ಕೇಳೋ ಕಳ್ಳರು.”

“ಆಗ ನಾನೇನು ಮಾಡ್ಲಿ?”

“ಯೋಚನೆ ಮಾಡಬೇಡಿ. ಯಾರನ್ನೂ ಕೇಳಬೇಡಿ. ಪೆಟ್ಟಿಗೆ ಆರಿಸಬೇಡಿ. ಈ ಹಳದಿ ತಂತಿ ಕಿತ್ತು, ನನಗೆ ಫೋನ್ ಮಾಡಿ.”

ಇನ್ನೊಂದನ್ನೂ ಅವರು ಹೇಳಿದ್ದರು. ಎಲ್ಲ ಕಡತಗಳ ನಕಲು ಇರುವ ಚಿಕ್ಕ ಡಬ್ಬಿಯನ್ನು ಸಂಜೆ ಹೊತ್ತು ಸಿಕ್ಕಿಸಿ, ನಕಲಾದ ಮೇಲೆ ಬಿಡಿಸಿ ಬೀರುವಿನಲ್ಲಿಡಬೇಕು. ಅವರ ಗುತ್ತಿಗೆ ಮುಗಿದ ವಾರವೇ ಆ ಪದ್ಧತಿ ನಿಂತಿತು. ಸಿಕ್ಕಿಸಲು ನಮೂನೆ ಎಂಟು, ಬಿಡಿಸಲು ನಮೂನೆ ಒಂಬತ್ತು, ದಿನಕ್ಕೆರಡು ಸಹಿ. ಸಹಿ ಹಾಕಬೇಕಾದವರು ಬೇಸತ್ತು, ಡಬ್ಬಿ ಸಿಕ್ಕಿಸಿದಂತೆಯೇ ಇರಲಿ ಎಂದರು.

ಹಾಗೆ ಅಂದವರು ಹೆಡ್ ಗುಮಾಸ್ತರು. ಕಚೇರಿಯಲ್ಲಿ ಅವರನ್ನು ನಮೂನೆಯಪ್ಪ ಎನ್ನುತ್ತಿದ್ದರು. ಅವರ ತಲೆಯಲ್ಲಿ ನಲವತ್ತೊಂದು ನಮೂನೆಗಳು ಸಂಖ್ಯೆ ಸಮೇತ ಇದ್ದವು, ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ದೀಪದಣ್ಣನನ್ನು ಖಾಯಂ ಮಾಡುವ ಕಡತವೂ ಅವರ ಕೈಯಲ್ಲೇ ಸಿದ್ಧವಾಗಿ ಪೆಟ್ಟಿಗೆಯೊಳಗೆ ಕೂತಿತ್ತು. ಗುರುವಾರ ದೀಪದಣ್ಣ ತಲೆ ಕೆರೆದುಕೊಂಡು ಹೋಗಿ ಕೇಳಿದ.

“ಸಾರ್, ಅದೊಂದು ಪ್ರತಿ ಅಚ್ಚು ಹಾಕಿ ಇಟ್ಕೊಂಡ್ರೆ...”

“ಶುಕ್ರವಾರದ ಸಹಿಗೆ ಗುರುವಾರ ಅಚ್ಚಾ?” ನಮೂನೆಯಪ್ಪ ಬೆಚ್ಚಿಬಿದ್ದರು. “ಏನಯ್ಯ, ನನ್ನ ಕೆಲಸಕ್ಕೆ ಸಂಚಕಾರ ತರಬೇಕು ಅಂತಿದ್ದೀಯಾ? ನಾಳೆ ಮೂರು ಗಂಟೆಗೆ ಸಾಹೇಬರು ಪೆನ್ನು ತೆಗೀತಾರೆ, ನಾನು ಗುಂಡಿ ಒತ್ತುತೀನಿ. ಹತ್ತೊಂಬತ್ತು ವರ್ಷ ಸುಮ್ಮನಿದ್ದೋನಿಗೆ ಈಗೇನು ಅರ್ಜೆಂಟು?”

ಶುಕ್ರವಾರ ಒಂದು ಗಂಟೆಗೆ ಕಚೇರಿ ಊಟಕ್ಕೆ ಎದ್ದಿತು. ದೀಪದಣ್ಣ ಹೊಸ ಅಂಗಿ ತೊಟ್ಟಿದ್ದ. ಗುರುತಿನ ಚೀಟಿಗೆಂದು ಹೆಂಡತಿ ಅದಕ್ಕೆ ಹೆಚ್ಚುವರಿ ಜೇಬು ಹೊಲಿಸಿದ್ದಳು. ಕಲೆಯಾಗದಿರಲಿ ಎಂದು ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಡಬ್ಬಿ ಬಿಚ್ಚಿದ. ಮೊದಲ ತುತ್ತು ಎತ್ತಿದ. ಒಂದು ಗಂಟೆ ಆರು ನಿಮಿಷ.

ದೀಪ ಎದ್ದಿತು.

ಮಿಣಕ್ ಎನ್ನಲಿಲ್ಲ, ಓಡಿತು. ತಿಂಗಳ ಕೊನೆಯಲ್ಲೂ ಅದು ಹಾಗೆ ಓಡಿದ್ದನ್ನು ಅವನು ಕಂಡಿರಲಿಲ್ಲ. ಹಲ್ಲು ಕಟಕಟ ಕಡಿಯುವ ಜ್ವರದವನ ಹಾಗೆ ಎಡೆಬಿಡದೆ ನಡುಗುತ್ತಿತ್ತು. ದೀಪದಣ್ಣ ಹೊರಗೆ ಇಣುಕಿದ. ಇಪ್ಪತ್ತೆರಡು ಕುರ್ಚಿ, ಇಪ್ಪತ್ತೆರಡೂ ಖಾಲಿ. ಯಾರೂ ಇಲ್ಲದ ಕಚೇರಿಯಲ್ಲಿ ಯಾರೋ ಭರ್ಜರಿಯಾಗಿ ಕೆಲಸ ಮಾಡುತ್ತಿದ್ದಾರೆ! ಇದೊಂದೇ ಸಾಕಿತ್ತು, ಅವರು ನಮ್ಮವರಲ್ಲ ಎಂದು ತಿಳಿಯಲು.

ಎಂಜಲು ಕೈಯಲ್ಲೇ ಹಳೆ ಕಂಪ್ಯೂಟರಿನ ಮುಂದೆ ಕೂತು ನೋಡಿದ. ‘ಅಅ ಮುಟ್ಟಬೇಡಿ’ ಎಂಬುದರ ಹಿಂದೆ ಗೊತ್ತುಗುರಿಯಿಲ್ಲದ ಏಳೆಂಟು ಅಕ್ಷರಗಳ ಬಾಲ. ಅದರ ಕೆಳಗಿನ ಹೆಸರಿಗೂ ಬಾಲ. ನೋಡುತ್ತಿದ್ದಂತೆ ‘ಕ’ ಅಕ್ಷರದವಕ್ಕೆ ಬಾಲ ಬಂತು, ‘ಖ’ದಲ್ಲಿ ‘ಖಾಯಂ ನೌಕರರು’ ಎಂಬ ಕಡತಗಳಿಗೆಲ್ಲ ಬಾಲ ಬಂತು, ‘ಗ’ ಶುರುವಾಯಿತು.

ದೀಪದಣ್ಣ ಯೋಚನೆ ಮಾಡಲಿಲ್ಲ. ಯಾರನ್ನೂ ಕೇಳಲಿಲ್ಲ. ಪೆಟ್ಟಿಗೆಯ ಹಿಂದೆ ಕೈ ಹಾಕಿ ಹಳದಿ ತಂತಿಯನ್ನು ಕಿತ್ತ. ಒಂದು ಗಂಟೆ ಹತ್ತು ನಿಮಿಷ. ದೀಪ ಒಮ್ಮೆ ಬಿಕ್ಕಳಿಸಿ ಶಾಂತವಾಯಿತು.

ಆಮೇಲೆ ಪರದೆಯಲ್ಲಿ ಬೆರಳಿಟ್ಟು ಸಾಲು ಹಿಡಿದು ಕೆಳಗೆ ಹೋದ. ‘ನಕ್ಷೆ’ಗಳಿಗೆ ಬಾಲವಿಲ್ಲ. ‘ನಮೂನೆ’ಗಳಿಗೆ ಬಾಲವಿಲ್ಲ. ಕಟ್ಟಕಡೆಗೆ ‘ಹ’. ‘ಹಂಗಾಮಿ ನೌಕರರು’. ಅಲ್ಲಿ ಅವನ ಕಡತ, ಬಾಲವಿಲ್ಲದೆ, ಮೂರು ಗಂಟೆಯ ಸಹಿಗೆ ಕಾಯುತ್ತಾ ಕೂತಿತ್ತು. ಸಾಲಿನ ಕೊನೆಯಲ್ಲಿ ನಿಂತದ್ದರಿಂದ ಅವನಿಗೆ ಲಾಭವಾದದ್ದು ಜೀವಮಾನದಲ್ಲಿ ಅದೇ ಮೊದಲು.

ಎಂಜಿನಿಯರಮ್ಮನಿಗೆ ಫೋನ್ ಮಾಡಿದ. ಗುತ್ತಿಗೆ ಮುಗಿದು ನಾಲ್ಕು ವರ್ಷದ ಮೇಲೂ ಅವರು ಎರಡನೇ ರಿಂಗಿಗೇ ಎತ್ತಿದರು.

“ಕಿತ್ತಿರಾ? ಭೇಷ್ ಅಣ್ಣ! ನಕಲು ಡಬ್ಬಿ ಬೀರುವಿನಲ್ಲಿ ಇದೆ ತಾನೇ?”

“ಅದು... ಪೆಟ್ಟಿಗೆಗೇ ಸಿಕ್ಕಿಸಿದೆ, ಅಮ್ಮ.”

ಆ ಕಡೆ ಒಂದು ಉಸಿರಿನ ಸದ್ದು. “ಸರಿ, ತಂತಿ ಬಿಟ್ಟಿದ್ದೀರಲ್ಲ, ಅದೂ ಉಳ್ಕೊಂಡಿರುತ್ತೆ. ಈಗ ಕೇಳಿ. ಯಾರದೋ ಮೇಜಿನ ಕಂಪ್ಯೂಟರಿನಲ್ಲಿ ಕಳ್ಳ ಕೂತಿದ್ದಾನೆ. ಅದರ ತಂತಿಯನ್ನೂ ಕೀಳಿ. ಅಲ್ಲೀವರೆಗೂ ಈ ಹಳದಿ ತಂತಿಯನ್ನ ಸಿಕ್ಕಿಸೋಕೆ ಯಾರನ್ನೂ ಬಿಡಬೇಡಿ. ಯಾರೇ ಬಂದ್ರೂ ಬಿಡಬೇಡಿ.”

ಯಾರೇ ಬಂದರೂ ಎಂದು ಅವರು ಹೇಳಿದ್ದು ಸುಲಭ. ಬಂದವರು ನಮೂನೆಯಪ್ಪ.

ಅಷ್ಟರೊಳಗೆ ದೀಪದಣ್ಣ ಇಪ್ಪತ್ತೆರಡು ಮೇಜನ್ನೂ ನೋಡಿ ಬಂದಿದ್ದ, ಕಳ್ಳನ ಗುರುತು ಸಿಕ್ಕಿರಲಿಲ್ಲ; ಸಾಹೇಬರ ಕೋಣೆಗೆ ಬೀಗವಿತ್ತು. ಎರಡು ಗಂಟೆಗೆ ಕಚೇರಿ ವಾಪಸಾಯಿತು. ಯಾರ ಕಂಪ್ಯೂಟರಿನಲ್ಲೂ ಕಡತ ತೆರೆಯಲಿಲ್ಲ. ಎರಡೂವರೆ ನಿಮಿಷದಲ್ಲಿ ತಣ್ಣನೆಯ ಕೋಣೆಯ ಬಾಗಿಲಲ್ಲಿ ಇಡೀ ಕಚೇರಿ ಜಮಾಯಿಸಿತು. ದೀಪದಣ್ಣ ಹಳದಿ ತಂತಿಯ ತುದಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದ.

“ಕಿತ್ತುಬಿಟ್ಟಿದ್ದಾನೆ ಸಾರ್!” ಎಂದರು ಟೈಪಿಂಗ್ ಅಕ್ಕ. “ಆಸ್ಪತ್ರೇಲಿ ಮಲಗಿರೋರ ಮೂಗಿನ ನಳಿಗೆ ಕಿತ್ತಹಾಗೆ ಕಿತ್ತುಬಿಟ್ಟಿದ್ದಾನೆ! ಇನ್ನು ಕಡತ ಬದುಕುತ್ತಾ?”

“ಅಕ್ಕ, ಕಿತ್ತಿದ್ದಕ್ಕೇ ಬದುಕಿರೋದು. ಕಳ್ಳರು ಬಂದಿದ್ರು. ಬೀಗ ಹಾಕ್ತಿದ್ರು.”

“ಕಳ್ಳರು ಬಂದ್ರೆ ಬೀಗ ಒಡೀತಾರೆ. ಬೀಗ ಹಾಕಿ ಹೋಗೋ ಕಳ್ಳರನ್ನ ನೀನೊಬ್ಬನೇ ಕಂಡಿರೋದು.”

ನಮೂನೆಯಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

“ಯಾರ ಅನುಮತಿ ತಗೊಂಡು ಕಿತ್ತೆ?”

“ಎಂಜಿನಿಯರಮ್ಮ ಹೇಳಿದ್ರು ಸಾರ್. ಇಗೋ, ಮತ್ತೆ ಫೋನ್ ಮಾಡಿದ್ದೀನಿ, ನೀವೇ ಮಾತಾಡಿ.”

“ಕಚೇರೀಲಿ ಇಲ್ಲದೋರ ಹತ್ರ ಕಚೇರಿ ವಿಷಯ ಮಾತಾಡೋ ಹಾಗಿಲ್ಲ.”

ಫೋನಿನೊಳಗಿಂದ ಸಣ್ಣದೊಂದು ಧ್ವನಿ “ಸಿಕ್ಕಿಸಬೇಡಿ! ಸಿಕ್ಕಿಸಬೇಡಿ!” ಎಂದು ಕೂಗುತ್ತಿತ್ತು. ಶಿಸ್ತಿನ ಮನುಷ್ಯರಾದ ನಮೂನೆಯಪ್ಪ ಅದನ್ನು ಕೇಳಿಸಿಕೊಳ್ಳದೆ, ಕರೆ ಕತ್ತರಿಸಿ, ಫೋನನ್ನು ದೀಪದಣ್ಣನ ಹೊಸ ಜೇಬಿಗೇ ಹಾಕಿದರು.

ಅಷ್ಟರಲ್ಲಿ ದೊಡ್ಡ ಸಾಹೇಬರು ಹಲ್ಲುಕಡ್ಡಿ ಆಡಿಸುತ್ತಾ ಬಂದರು. “ಏನ್ರೀ ಇದು, ನನ್ನ ಕಂಪ್ಯೂಟರಿನಲ್ಲಿ ಒಂದು ಕಾಗದ ಬಂದು ಕೂತಿದೆ, ಹೋಗ್ತಾನೇ ಇಲ್ಲ. ಊಟಕ್ಕೆ ಏಳೋ ಮುಂಚೆ ‘ಹೊಸ ಬಡ್ತಿ ಪಟ್ಟಿ, ನಿಮಗೆ ಮಾತ್ರ’ ಅಂತ ಯಾರೋ ಕಳಿಸಿದ್ರು, ತೆಗೆದೆ. ಪಟ್ಟಿ ಇಲ್ಲ, ಇದಿದೆ.”

ಎಲ್ಲರೂ ಸಾಹೇಬರ ಕೋಣೆಗೆ ಹೋಗಿ ಓದಿದರು. ‘ಮಾನ್ಯರೇ, ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ. ಗಾಬರಿಯಾಗಬೇಡಿ, ಕೀಲಿ ನಮ್ಮಲ್ಲಿ ಭದ್ರವಾಗಿದೆ. ಎಪ್ಪತ್ತೆರಡು ಗಂಟೆಯೊಳಗೆ ಹಣ ಕಳಿಸಿ ಕೀಲಿ ಪಡೆಯಿರಿ. ನಿಮ್ಮ ಸಹಕಾರಕ್ಕೆ ವಂದನೆಗಳು.’

“ಮೇಲಿನ ಕಚೇರಿಯವರಾ?” ಎಂದರು ಸಾಹೇಬರು.

“ಅವರು ಇಷ್ಟು ಮರ್ಯಾದೆಯಾಗಿ ಬರೆಯಲ್ಲ ಸಾರ್,” ಎಂದರು ನಮೂನೆಯಪ್ಪ. ಯೋಚಿಸಿ, ಬೇಡಿಕೆಯನ್ನು ನಿಗದಿತ ನಮೂನೆಯಲ್ಲಿ ಮೂರು ಪ್ರತಿ ಸಲ್ಲಿಸಬೇಕೆಂದು ಕಳ್ಳರಿಗೆ ಒಂದು ಉತ್ತರವನ್ನೂ ಅಲ್ಲೇ ನಿಂತು ಬರೆಸಿದರು.

ಹಿಂದಿನಿಂದ ದೀಪದಣ್ಣ ಸಾವಕಾಶವಾಗಿ ಹೇಳಿದ. “ಸಾರ್, ಕಳ್ಳ ಈ ಕಂಪ್ಯೂಟರಿನಲ್ಲೇ ಇದ್ದಾನೆ. ಸಾಹೇಬರ ತಂತಿಯನ್ನೂ ಕೀಳಬೇಕು.”

ಟೈಪಿಂಗ್ ಅಕ್ಕ ಬಾಯಿಗೆ ಸೆರಗು ಹಿಡಿದರು.

“ಸಾಹೇಬರ ತಂತಿಯನ್ನ?” ಎಂದರು ನಮೂನೆಯಪ್ಪ. “ಒಂದು ತಂತಿ ಕಿತ್ತ ರುಚಿ ಹತ್ತಿಬಿಡ್ತು ನೋಡಿ ಇವನಿಗೆ!”

ಸಾಹೇಬರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತರು, ತಮ್ಮನ್ನೇ ಎಲ್ಲಿಂದಲೋ ಕೀಳುತ್ತಾರೇನೋ ಎಂಬಂತೆ. “ಮೇಲಕ್ಕೆ ತಿಳಿಸಬೇಕಲ್ರೀ. ಏನು ಮಾಡೋಣ?”

“ತಿಳಿಸಬಹುದು ಸಾರ್. ಆದ್ರೆ ಮೊದಲು ಕೇಳೋ ಪ್ರಶ್ನೆಯೇ, ತಂತಿ ಕಳಚಿದ್ದಕ್ಕೆ ಅನುಮತಿ ಎಲ್ಲಿ ಅಂತ. ಕಿತ್ತದ್ದು ಕಿತ್ತಾಯ್ತು, ಹಿಂದಿನ ಹೊತ್ತು ಹಾಕಿಯಾದ್ರೂ ನಮೂನೆ ಹದಿನಾಲ್ಕು ತುಂಬಲೇಬೇಕು. ‘ಉಪಕರಣ ಕಳಚಲು ಅನುಮತಿ ಕೋರಿಕೆ’.”

“ತುಂಬಿ ಮತ್ತೆ.”

“ನಮೂನೆ ಪೆಟ್ಟಿಗೇಲಿದೆ ಸಾರ್.”

“ತೆಗೀರಿ.”

“ತಂತಿ ಕಿತ್ತಿದೆ ಸಾರ್.”

“ಸಿಕ್ಕಿಸಿ.”

ಹೀಗೆ ತಂತಿ ಕೀಳಲು ಅನುಮತಿ ಕೇಳುವ ಸಲುವಾಗಿ ತಂತಿಯನ್ನು ಮತ್ತೆ ಸಿಕ್ಕಿಸುವುದೆಂದು ತೀರ್ಮಾನವಾಯಿತು. ದೀಪದಣ್ಣ ಓಡಿ ಬಂದು ತಣ್ಣನೆಯ ಕೋಣೆಯ ಬಾಗಿಲಿಗೆ ಅಡ್ಡ ನಿಂತ. ಅವನು ಯಾರಿಗೂ ಅಡ್ಡ ನಿಂತವನಲ್ಲ. ಹೇಗೆ ನಿಲ್ಲಬೇಕೆಂದು ಗೊತ್ತಾಗದೆ ಒಂದು ಕೈ ಮುಗಿದುಕೊಂಡು, ಒಂದು ಕೈ ಚಾಚಿಕೊಂಡು ನಿಂತ.

“ಸಾರ್, ಐದು ನಿಮಿಷ. ಸಾಹೇಬರ ಕಂಪ್ಯೂಟರ್ ಒಂದನ್ನ ಬಿಡಿಸಿ, ಆಮೇಲೆ ಸಿಕ್ಕಿಸಿ. ನಕ್ಷೆ ಎಲ್ಲ ಉಳಿದಿದೆ ಸಾರ್. ನನ್ನ ಕಡತಾನೂ ಅಲ್ಲೇ ಇದೆ. ಹತ್ತೊಂಬತ್ತು ವರ್ಷ ಸಾರ್.”

“ಅದನ್ನ ಮೊದಲೇ ಹೇಳು!” ನಮೂನೆಯಪ್ಪ ಮುಗುಳ್ನಕ್ಕರು. “ಸ್ವಂತ ಕಡತ ಉಳಿಸ್ಕೊಳ್ಳೋಕೆ ಸರ್ಕಾರದ ತಂತಿ ಕಿತ್ತಿದ್ದಾನೆ. ಬರ್ಕೊಳ್ಳಿ, ಟೈಪಿಂಗ್ ಅಕ್ಕ.”

ಅವನ ಕಂಕುಳಡಿ ನುಸುಳಿ ಹೋಗಿ ನಮೂನೆಯಪ್ಪ ತಾವೇ ತಂತಿ ಸಿಕ್ಕಿಸಿದರು. ಎರಡು ಗಂಟೆ ಹದಿನೆಂಟು ನಿಮಿಷ. ದೀಪ ಕಣ್ಣು ಬಿಟ್ಟಿತು, ಓಡಿತು.

“ನೋಡು, ಎಷ್ಟು ಚುರುಕಾಗಿ ಕೆಲಸ ಮಾಡ್ತಿದೆ,” ಎಂದರು ಅವರು.

ನಮೂನೆ ಹದಿನಾಲ್ಕು ಸಿಕ್ಕಿತು. ಆದರೆ ಅದು ಹಳೆಯ ಹದಿನಾಲ್ಕೋ, ತಿದ್ದಿದ ಹದಿನಾಲ್ಕೋ ಎಂಬ ಚರ್ಚೆಗೆ ಒಂಬತ್ತು ನಿಮಿಷ ಹಿಡಿಯಿತು. ಒಂದರಲ್ಲಿ ‘ಕಾರಣ’ಕ್ಕೆ ಎರಡು ಸಾಲು, ಇನ್ನೊಂದರಲ್ಲಿ ನಾಲ್ಕು. ಅಷ್ಟು ಹೊತ್ತೂ ದೀಪದಣ್ಣ ಹಳೆ ಕಂಪ್ಯೂಟರಿನ ಮುಂದೆ ಕೂತು ಅಕ್ಷರಗಳನ್ನು ಎಣಿಸುತ್ತಿದ್ದ. “ಸಾರ್, ‘ಜ’ ಹೋಯ್ತು... ಸಾರ್, ‘ತ’ಕ್ಕೆ ಬಂತು...” ‘ನ’ ಬಂದಾಗ ಎದ್ದು ನಿಂತ. “ಸಾರ್, ನಕ್ಷೆ...”

“ಮಧ್ಯೆ ಬಾಯಿ ಹಾಕಬೇಡ. ಕಳಚಿದವರ ಹುದ್ದೆ ಏನು ಅಂತ ಕೇಳಿದೆ ಇಲ್ಲಿ. ನಿನ್ನ ಹುದ್ದೆಯ ಹೆಸರೇನಯ್ಯ?”

ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಅವನ ಕಡತದಲ್ಲಿ ನೋಡೋಣವೆಂದು ನಮೂನೆಯಪ್ಪ ‘ಹ’ಕ್ಕೆ ಹೋಗಿ ‘ಹಂಗಾಮಿ ನೌಕರರು’ ತೆರೆದರು. ಇಡೀ ಕಚೇರಿ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿತ್ತು. ಅಲ್ಲಿ ಒಂದೇ ಕಡತವಿತ್ತು. ಎಲ್ಲರೂ ನೋಡುತ್ತಿದ್ದಂತೆ ಅದಕ್ಕೊಂದು ಬಾಲ ಬಂತು.

ನಮೂನೆಯಪ್ಪ ಗುಂಡಿ ಒತ್ತಿದರು. ಕಡತ ತೆರೆಯಲಿಲ್ಲ. ಹಿಂದಿರುಗಿ ನಮೂನೆ ಹದಿನಾಲ್ಕನ್ನು ಒತ್ತಿದರು. ಅದಕ್ಕೂ ಬಾಲ ಬಂದಾಗಿತ್ತು. ನಕಲು ಡಬ್ಬಿಯೂ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡೇ ಇತ್ತಲ್ಲ, ಅದನ್ನೂ ಒತ್ತಿ ನೋಡಿದರು. ಅಲ್ಲಿನವಕ್ಕೂ ಬಾಲ ಬಂದಾಗಿತ್ತು.

ಮೂರು ಗಂಟೆಗೆ ಸರಿಯಾಗಿ ದೊಡ್ಡ ಸಾಹೇಬರು ಪೆನ್ನು ತೆಗೆದು, “ಎಲ್ರೀ ಅದು, ಸಹಿ ಹಾಕೋದು?” ಎಂದು ಕೂಗಿದರು.

ಆ ಮುಂದಿನ ವಾರ ಊರಿಗೆಲ್ಲ ಸುದ್ದಿಯಾಯಿತು. ಕಳ್ಳರಿಗೆ ದುಡ್ಡು ಹೋಗಲಿಲ್ಲ. ನಮೂನೆಯಲ್ಲಿ ಅರ್ಜಿ ಹಾಕಲು ಅವರೂ ತಯಾರಿರಲಿಲ್ಲ. ನಕ್ಷೆ ಇಲ್ಲದೆ ಎಲ್ಲೋ ಒಡೆದ ಕೊಳವೆಗೆ ಎಲ್ಲೆಲ್ಲೋ ಅಗೆದರು. ದೀಪದಣ್ಣನ ಬೀದಿಯಲ್ಲೇ ಏಳು ಗುಂಡಿ ಬಿದ್ದವು, ಏಳರಲ್ಲೂ ಕೊಳವೆ ಸಿಗಲಿಲ್ಲ, ಎಂಟನೆಯದರಲ್ಲಿ ಸಿಕ್ಕಿ ಒಡೆಯಿತು. ಅದು ಮಹಡಿಯಮ್ಮನ ಮೆಟ್ಟಿಲ ಬುಡದಲ್ಲಿ.

“ನಾಲ್ಕು ದಿನದಿಂದ ನಲ್ಲೀಲಿ ಗಾಳಿ ಬರ್ತಿದೆ,” ಎಂದು ಅವರು ಮೇಲಿನಿಂದಲೇ ಕೂಗಿದರು. “ಏನಮ್ಮ, ನಿಮ್ಮನೆಯವರ ಕೈ ಅಷ್ಟೊಂದು ತುರಿಸ್ತಿದ್ರೆ ಮನೆ ತಂತಿ ಕೀಳಬಾರದಿತ್ತಾ?”

“ನಮ್ಮನೆಯವರು ಕಿತ್ತಿದ್ದಕ್ಕೇ ನಾಲ್ಕಕ್ಷರ ಉಳಿದಿತ್ತು!” ಎಂದು ಹೆಂಡತಿ ಕೆಳಗಿನಿಂದ ಕೂಗಿದಳು. ಒಳಗೆ ಬಂದು ಗಂಡನನ್ನು ಕೇಳಿದಳು. “ಅಲ್ಲ, ನಿಮಗ್ಯಾಕೆ ಬೇಕಿತ್ತು? ಎಲ್ಲರ ಹಾಗೆ ಊಟಕ್ಕೆ ಎದ್ದು ಹೋಗಬಾರದಾ?”

ದೀಪದಣ್ಣ ಫಲಕವನ್ನು ಮೊಳೆಯಿಂದ ಬಿಡಿಸುತ್ತಿದ್ದ.

ತನಿಖೆಗೆ ಹೊರಗಿನಿಂದ ಒಬ್ಬ ತಜ್ಞರು ಬಂದರು. ಎರಡು ದಿನ ಪೆಟ್ಟಿಗೆಯ ಮುಂದೆ ಕೂತು, ಎಲ್ಲರನ್ನೂ ಕರೆದು ನಿಲ್ಲಿಸಿದರು.

“ಒಂದು ಹತ್ತಕ್ಕೆ ತಂತಿ ಕಿತ್ತವರು ಯಾರು?”

ಇಡೀ ಕಚೇರಿ ದೀಪದಣ್ಣನತ್ತ ಬೆರಳು ಮಾಡಿತು.

“ಇವರಿಗೆ ಕೈ ಮುಗೀಬೇಕು ಕಣ್ರೀ. ನಾಲ್ಕೇ ನಿಮಿಷ! ದೊಡ್ಡ ದೊಡ್ಡ ಕಂಪನಿಗಳಿಗೆ ಇದು ಗೊತ್ತಾಗೋಕೆ ವಾರ ಬೇಕು. ಮುಕ್ಕಾಲು ಪಾಲು ಉಳಿಸಿದ್ರು. ಎರಡು ಹದಿನೆಂಟಕ್ಕೆ ಮತ್ತೆ ಸಿಕ್ಕಿಸಿದವರು ಯಾರು?”

ಈಗ ಯಾರ ಬೆರಳೂ ಏಳಲಿಲ್ಲ. ನಮೂನೆಯಪ್ಪ ಗೋಡೆಯ ಗಡಿಯಾರ ನೋಡಿದರು. ಸಾಹೇಬರು ನಮೂನೆಯಪ್ಪ ನೋಡಿದ ಕಡೆಗೇ ನೋಡಿದರು.

ತಜ್ಞರು ಹೋದ ಮೇಲೆ ಅವರ ಹನ್ನೆರಡು ಪುಟದ ವರದಿಯನ್ನು ನಮೂನೆಯಪ್ಪ ಒಂದು ಪುಟಕ್ಕೆ ಇಳಿಸಿದರು. ಅದರಲ್ಲಿ ತಂತಿಯನ್ನು ದೀಪದಣ್ಣ ಕಿತ್ತ ಎಂದಿತ್ತು. ಅನಂತರ ಸಂಪರ್ಕವು ಮತ್ತೆ ಏರ್ಪಟ್ಟಿತು ಎಂದಿತ್ತು. ಬಡ್ತಿ ಪಟ್ಟಿಯ ಸುದ್ದಿ ಇರಲಿಲ್ಲ. ಮರುದಿನ ದೀಪದಣ್ಣನಿಗೆ ಮೊಹರು ಹಾಕಿದ ಜ್ಞಾಪನ ಪತ್ರ ಬಂತು: ‘ಈ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸೇವೆಯಲ್ಲಿರುವ ತಾವು, ಅನುಮತಿಯಿಲ್ಲದೆ ಉಪಕರಣ ಕಳಚಿ ಗಂಭೀರ ಕರ್ತವ್ಯಲೋಪ ಎಸಗಿದ್ದೀರಿ. ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು?’

ಮನೆಯಲ್ಲಿ ಅದನ್ನು ಭಾವಮೈದ ಗಟ್ಟಿಯಾಗಿ ಓದಿದ. ಹೆಂಡತಿ ಕಣ್ಣಿಗೆ ಸೆರಗು ಹಚ್ಚಿದಳು. ದೀಪದಣ್ಣ ಮಾತ್ರ, “ಮೊದಲನೇ ಸಾಲು ಇನ್ನೊಂದ್ಸಲ ಓದು,” ಎಂದ.

ಭಾವಮೈದ ಓದಿದ. ಓದಿ ಎದ್ದು ನಿಂತ.

“ಭಾವ! ಹತ್ತೊಂಬತ್ತು ವರ್ಷಗಳಿಂದ ಸೇವೆಯಲ್ಲಿ! ಮೊಹರು ಇದೆ! ಸಾಹೇಬರ ಸಹಿ ಇದೆ! ಕಡತ ಸತ್ತರೆ ಸಾಯಲಿ, ಇದಕ್ಕಿಂತ ದಾಖಲೆ ಬೇಕಾ?”

ಆ ಮನೆಯಲ್ಲಿ ಶಿಸ್ತುಕ್ರಮದ ಪತ್ರಕ್ಕೆ ಸಿಕ್ಕಿದ ಮರ್ಯಾದೆ ಬೇರೆ ಎಲ್ಲೂ ಸಿಕ್ಕಿರಲಾರದು. ಹೆಂಡತಿ ಅದನ್ನು ಇಸ್ತ್ರಿ ಪೆಟ್ಟಿಗೆಯಿಂದ ಹಿತವಾಗಿ ಒತ್ತಿ ಮಡಿಕೆ ಹೋಗಿಸಿದಳು. ಭಾವಮೈದ ಹತ್ತು ನಕಲು ತಂದ. ಫಲಕ ಮತ್ತೆ ಬಾಗಿಲ ಹತ್ತಿರ ಬಂತು. ಮೊಳೆ ಮಾತ್ರ ದೀಪದಣ್ಣ ಹೊಡೆಯಗೊಡಲಿಲ್ಲ.

ಸೋಮವಾರ ಅವನು ಹೊಸ ಅಂಗಿ ತೊಟ್ಟು ನಮೂನೆಯಪ್ಪನ ಮೇಜಿನ ಮುಂದೆ ಆ ಪತ್ರ ಇಟ್ಟ. “ಸಾರ್, ಇದರ ಮೇಲೆ ನನ್ನನ್ನ ಖಾಯಂ ಮಾಡಬಹುದಲ್ಲ. ಶಿಕ್ಷೆ ಏನಿದ್ರೂ ಖಾಯಂ ಆದ ಮೇಲೆ ತಗೊಳ್ತೀನಿ.”

ನಮೂನೆಯಪ್ಪ ಪತ್ರ ಓದಿದರು. ತಾವೇ ಬರೆದ ಸಾಲನ್ನು ಮೊದಲ ಸಲ ಓದುವವರ ಹಾಗೆ ಓದಿದರು.

“ಅಯ್ಯೋ, ತಾರೀಖು ತಪ್ಪಿದೆಯಲ್ಲೋ. ಒಂದು ನಿಮಿಷ ಕೊಡು, ತಿದ್ದಿ ಕೊಡ್ತೀನಿ.”

ದೀಪದಣ್ಣ ಕೊಟ್ಟ. ಹತ್ತೊಂಬತ್ತು ವರ್ಷ ಅವರು ಕೇಳಿದ್ದನ್ನೆಲ್ಲ ಕೊಟ್ಟಿದ್ದ, ಅಭ್ಯಾಸ.

ಸಂಜೆ ಸಿಕ್ಕಿದ್ದು ಬೇರೆ ಪತ್ರ. ‘ಸದರಿ ವ್ಯಕ್ತಿಯು ಈ ಕಚೇರಿಯ ಸೇವೆಯಲ್ಲಿದ್ದರೆಂಬುದಕ್ಕೆ ಯಾವುದೇ ಕಡತ ಲಭ್ಯವಿಲ್ಲದ ಕಾರಣ, ಅವರ ಮೇಲಿನ ಆರೋಪವನ್ನು ಪೂರ್ತಿಯಾಗಿ ಕೈಬಿಡಲಾಗಿದೆ. ಹಿಂದಿನ ಜ್ಞಾಪನ ರದ್ದು.’

“ನಿರಪರಾಧಿ ಅಂತ ಆಯ್ತಲ್ಲಪ್ಪ, ಬಾಯಿ ಸಿಹಿ ಮಾಡಿಸು,” ಎಂದರು ನಮೂನೆಯಪ್ಪ. ಖಾಯಂ ನೌಕರರ ಕಡತಗಳಿಗೂ ಬೀಗ ಬಿದ್ದಿತ್ತು, ನಿ‍ಜ. ಆದರೆ ಖಾಯಂನವರಿಗೆ ಮೇಲಿನ ಕಚೇರಿಯಲ್ಲಿ ಇನ್ನೊಂದು ಪ್ರತಿ ಇರುತ್ತದೆ. ಭಾವಮೈದನ ಹತ್ತು ನಕಲು ತೋರಿಸಿದಾಗ ಅವರು ನಕ್ಕರು. “ರದ್ದಾದ ಪತ್ರದ ನಕಲೂ ರದ್ದೇ. ಹತ್ತಿದ್ರೆ ಹತ್ತೂ ರದ್ದು.”

ಫಲಕವನ್ನು ಆ ಸಂಜೆ ದೀಪದಣ್ಣ ಬಣ್ಣ ಕೆಳಗೆ ಮಾಡಿ ಮಹಡಿಯಮ್ಮನ ಮೆಟ್ಟಿಲ ಮುಂದಿನ ಗುಂಡಿಗೆ ಅಡ್ಡ ಹಾಕಿದ. ಅವರು ಹುಷಾರಾಗಿ ಅದರ ಮೇಲೆ ಕಾಲಿಟ್ಟು ದಾಟಿ, “ಗಟ್ಟಿ ಇದೆ ಹಲಗೆ,” ಎಂದರು. ಆ ವಾರದಲ್ಲಿ ಅವನು ಕೇಳಿದ ಒಳ್ಳೆಯ ಮಾತು ಅದೊಂದೇ.

ಹೊಸ ಪೆಟ್ಟಿಗೆ ಬಂತು. ಅದರ ಮುಂದೆ ಕೂರಲು ಒಬ್ಬರು ಬೇಕಾಯಿತು. ದೀಪದಣ್ಣನನ್ನೇ ಕರೆದರು, ಹೊಸದಾಗಿ, ಹಂಗಾಮಿಯಾಗಿ. ಅರ್ಜಿಯಲ್ಲಿ ‘ಅನುಭವ’ ಎಂಬಲ್ಲಿ ನಮೂನೆಯಪ್ಪ ತಾವೇ ‘ಇಲ್ಲ’ ಎಂದು ಬರೆದು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು. ಕೋಣೆಯ ಗೋಡೆಗೆ ಹೊಸ ಬೋರ್ಡು: ‘ಅನುಮತಿಯಿಲ್ಲದೆ ತಂತಿ ಮುಟ್ಟಬಾರದು’. ಬೋರ್ಡಿನ ಕೆಳಗೆ ಮೊಳೆಗೆ ನೇತುಹಾಕಿದ ನಮೂನೆ ಹದಿನಾಲ್ಕರ ಕಟ್ಟು, ಈ ಸಲ ಕಾಗದದ್ದು. ಹಳೆಯದೇ ತಪ್ಪು ಮತ್ತೆ ಆಗಬಾರದಲ್ಲ. ಬೋನಿನ ಕಡತ ಮಾತ್ರ ಯಾರೂ ಇಟ್ಟಿರಲಿಲ್ಲ.

ಹನ್ನೊಂದು ದಿನ ಕಳೆಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ದೀಪದಣ್ಣ ಟವೆಲ್ ಹಾಸಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ. ಹೊಸ ಪೆಟ್ಟಿಗೆಯ ದೀಪ ನೀಲಿ. ಅದು ಒಮ್ಮೆ ಮಿನುಗಿತು. ಆಮೇಲೆ ಓಡಿತು.

ಅವನ ಕೈ ಪೆಟ್ಟಿಗೆಯ ಹಿಂದೆ ಹೋಯಿತು. ಹಳದಿ ತಂತಿಯ ತುದಿ ಬೆರಳಿಗೆ ಸಿಕ್ಕಿತು. ಸಿಕ್ಕ ತುದಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ.

ಆಮೇಲೆ ಕೈ ಹಿಂದಕ್ಕೆ ತೆಗೆದು, ಟವೆಲಿಗೆ ಒರೆಸಿ, ಗೋಡೆಯಿಂದ ನಮೂನೆ ಹದಿನಾಲ್ಕನ್ನು ಹರಿದುಕೊಂಡ. ಮೂರು ಪ್ರತಿ. ಅವನ ಅಕ್ಷರ ದುಂಡಗೆ, ಬರವಣಿಗೆ ನಿಧಾನ; ಒಂದೊಂದೇ ಕೊಂಬು, ಒಂದೊಂದೇ ಒತ್ತು ಕೂಡಿಸಿ ಬರೆಯುತ್ತಿದ್ದ. ‘ಕಾರಣ’ಕ್ಕೆ ಈ ಸಲ ನಾಲ್ಕು ಸಾಲಿದ್ದವು. ‘ದೀಪ ಓಡುತ್ತಿದೆ’ ಎಂದು ಒಂದೇ ಸಾಲು ಬರೆದ. ‘ಅರ್ಜಿದಾರರ ಸೇವಾವಧಿ’ ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ‘ಹನ್ನೊಂದು ದಿನ’ ಎಂದು ಬರೆದ. ಎರಡನೆಯ ಪ್ರತಿಯಲ್ಲೂ ಬರೆದ. ಮೂರನೆಯದರಲ್ಲೂ ಬರೆದ.

ಅನುಮತಿ ಕೊಡಬೇಕಾದವರು ಎರಡು ಗಂಟೆಗೆ ಬರುತ್ತಾರೆ. ದೀಪದಣ್ಣ ಮೂರು ಪ್ರತಿಗಳನ್ನೂ ಸಾಹೇಬರ ಬಾಗಿಲ ಸಂದಿಗೆ ಸಿಕ್ಕಿಸಿ, ಹೊರಗೆ ನೌಕರರೆಲ್ಲ ಊಟಕ್ಕೆ ಕೂರುವ ಉದ್ದನೆಯ ಬೆಂಚಿಗೆ ಹೋದ. ಅವರು ಸರಿದು ಜಾಗ ಕೊಟ್ಟರು.

“ಏನಣ್ಣ, ಇವತ್ತು ಇಲ್ಲಿ?” ಎಂದರು ಟೈಪಿಂಗ್ ಅಕ್ಕ.

“ಊಟದ ಹೊತ್ತಲ್ವಾ, ಅಕ್ಕ,” ಎಂದು ಅವನು ಡಬ್ಬಿ ಬಿಚ್ಚಿದ.